ಬೀಳಗಿಯ ಅಮೀರಬಾಯಿ ಕರ್ನಾಟಕಿ

ಬಬಲೇಶ್ವರದಿಂದ ಗಲಗಲಿಗೆ ಹೋಗುವ ದಾರಿಯಲ್ಲಿ ಕೃಷ್ಣಾ ಸೇತುವೆ ದಾಟಿದರೆ ಬೀಳಗಿ ಸೀಮೆ. ಈಗ ಅದು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಅಮೀರಬಾಯಿ ಅಲ್ಲಿ ಹುಟ್ಟಿದಾಗ ಅದು ಮುಂಬೈ ಪ್ರಾಂತದ ಬಿಜಾಪುರ ಜಿಲ್ಲೆ. ಹಾಡು, ತಬಲಾ, ನಾಟಕ ಬಲ್ಲ ಮುಸ್ಲಿಂ ಮನೆತನ ಅವರದು. ಸಹೋದರಿ ಗೋಹರಬಾಯಿ ಮುಂದೆ ಬಾಲಗಂಧರ್ವರ ಮರಾಠಿ ನಾಟಕ ಕಂಪನಿ ಸೇರಿ ಹೆಸರು ಮಾಡಿದರು.

ಅಮೀರಬಾಯಿ ಹಿಡಿದದ್ದು ಸಿನಿಮಾ ದಾರಿ. ಮುಂಬೈಗೆ ಹೋಗಿ 1934ರ 'ವಿಷ್ಣು ಭಕ್ತಿ'ಯಲ್ಲಿ ನಟಿಸಿದರು. ಕೆಲವು ವರ್ಷ ದೊಡ್ಡ ಹೆಸರೇನೂ ಬರಲಿಲ್ಲ. 1943ರಲ್ಲಿ ಬಾಂಬೆ ಟಾಕೀಸಿನ 'ಕಿಸ್ಮತ್' ಬಂತು. ಸಂಗೀತ ಅನಿಲ್ ಬಿಸ್ವಾಸರದು. ಕಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಅದು ಮೂರು ವರ್ಷಕ್ಕೂ ಹೆಚ್ಚು ಓಡಿತು. 'ಭಾರತ ಬಿಟ್ಟು ತೊಲಗಿ' ಚಳವಳಿ ನಡೆದು ವರ್ಷವೂ ತುಂಬಿರಲಿಲ್ಲ. ಪರಕೀಯರು ಹಿಂದೂಸ್ತಾನದಿಂದ ದೂರ ಸರಿಯಲಿ ಎಂಬ ಅರ್ಥದ ಹಾಡನ್ನು ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಹಾಡಿದರು. ಕವಿ ಪ್ರದೀಪ್ ಜರ್ಮನಿ, ಜಪಾನ್ ಎಂದು ಬರೆದದ್ದರಿಂದ ಅದು ಸೆನ್ಸಾರ್ ದಾಟಿತು. ಟಾಕೀಸಿನಲ್ಲಿ ಕೂತ ಜನರಿಗೆ ಅದು ಯಾರಿಗೆ ಹೇಳಿದ್ದೆಂದು ಬಿಡಿಸಿ ಹೇಳಬೇಕಿರಲಿಲ್ಲ.

ಮರುವರ್ಷ ನೌಶಾದರ 'ರತನ್'ಗೆ ಹಾಡಿದರು. 1946ರಲ್ಲಿ ಗುಜರಾತಿ 'ರಾಣಕದೇವಿ'ಗೆ ಹಾಡಿದ್ದು ಗುಜರಾತಿನ ಮನೆಮನೆಗೆ ಮುಟ್ಟಿತು. 1948ರ 'ಶಹನಾಜ್'ಗೆ ಸಂಗೀತ ಕೊಟ್ಟವರೂ ಇವರೇ. ಆ ಕೆಲಸದಲ್ಲಿ ಹೆಂಗಸರು ಬೆರಳೆಣಿಕೆಯಷ್ಟು ಇದ್ದ ಕಾಲ.

ಮನೆಯೊಳಗೆ ಮಾತ್ರ ಸುಖವಿರಲಿಲ್ಲ. ನಟ ಹಿಮಾಲಯವಾಲಾರನ್ನು ಮದುವೆಯಾಗಿ ಹೊಡೆತ ಬಡಿತ ಕಂಡರು. ಕೊನೆಗೆ ಬಿಡುಗಡೆ ಪಡೆದರು. ಆ ಕಾಲದಲ್ಲಿ ಹೆಣ್ಣುಮಗಳೊಬ್ಬಳಿಗೆ ಇದು ಹಾಡಿ ಗೆಲ್ಲುವುದಕ್ಕಿಂತ ಕಷ್ಟದ್ದು ಎಂದೇ ನನ್ನ ಭಾವನೆ. ದೇಶ ಒಡೆದಾಗ ಆತ ಪಾಕಿಸ್ತಾನಕ್ಕೆ ಹೋದರು, ಇವರು ಇಲ್ಲೇ ಉಳಿದರು. ನಂತರ ಪತ್ರಿಕಾ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. ಅಷ್ಟರಲ್ಲಿ ಲತಾ ಮಂಗೇಶ್ಕರ್ ಬಂದಿದ್ದರು. ಹಾಡುಗಳು ಕಡಿಮೆಯಾದವು, ಸಣ್ಣ ಪಾತ್ರಗಳು ಉಳಿದವು.

ಅವರ ಹೆಸರನ್ನೇ ನೋಡಿ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ಮುಂಬೈನ ಸಿನಿಮಾ ಮಂದಿ ಇವರನ್ನು ಕರ್ನಾಟಕಿ ಎಂದೇ ಕರೆಯುತ್ತಿದ್ದರು.

ಪಾರ್ಶ್ವವಾಯು ಬಡಿದು 1965ರ ಮಾರ್ಚ್ 3ರಂದು ತೀರಿಕೊಂಡರು. ವಿಜಯಪುರದಲ್ಲಿ ಅವರು ಮಾಡಿಸಿದ್ದ ಅಮೀರ್ ಟಾಕೀಸ್ ಹೆಸರು ನಮ್ಮ ಮನೆಗಳ ಹಿರಿಯರಿಗೆ ಗೊತ್ತು. ಆ ಅಮೀರ್ ಯಾರೋ ಸಾಹುಕಾರ ಇರಬೇಕು ಎಂದುಕೊಂಡವರೂ ಉಂಟು.