ಕೊಳೆ ಮದ್ದನ್ನು ತೋಟಕ್ಕೆ ಮುಟ್ಟಿಸಿದ ಕೋಲ್ಮನ್

ಹಿರೇಗುತ್ತಿ: ಮೇ ತಿಂಗಳ ಕೊನೆ ಬಂತೆಂದರೆ ಕುಮಟಾ, ಹೊನ್ನಾವರ ಕಡೆಯ ಅಂಗಡಿಗಳಲ್ಲಿ ಮೈಲುತುತ್ತ, ಸುಣ್ಣ, ರಾಳದ ವ್ಯಾಪಾರ ಜೋರು. ಕೊನೆಗೌಡರು ಕೈಗೆ ಸಿಗೋದೇ ಕಷ್ಟ. ಅಡಿಕೆಗೆ ಕೊಳೆ ಮದ್ದು ಹೊಡೆಯೋದು ಅಜ್ಜನ ಕಾಲದಿಂದ ಬಂದ ಪದ್ಧತಿ ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ಇದೂ ಒಂದು ಕಾಲದಲ್ಲಿ ಪ್ರಯೋಗಶಾಲೆಯಿಂದ ಹೊರಬಂದ ಹೊಸ ವಿದ್ಯೆಯೇ. ಅದನ್ನು ಕರ್ನಾಟಕದ ತೋಟಗಳಿಗೆ ಮುಟ್ಟಿಸಿದವರಲ್ಲಿ ಮೊದಲ ಹೆಸರು ಡಾ. ಲೆಸ್ಲಿ ಕೋಲ್ಮನ್ ಅವರದು.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊದಲ್ಲಿ ಓದಿ, ಜರ್ಮನಿಯ ಗಾಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ, ಮೂವತ್ತನೇ ವಯಸ್ಸಿಗೆ, ಮೈಸೂರು ಸಂಸ್ಥಾನದಲ್ಲಿ ಬೆಳೆಗಳ ರೋಗ ಮತ್ತು ಕೀಟಗಳ ತಜ್ಞರಾಗಿ ಕೆಲಸಕ್ಕೆ ಸೇರಿದರು. ಆಗ ಕುಮಟಾ, ಹೊನ್ನಾವರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಕೋಲ್ಮನ್ ಕೆಲಸ ನಡೆದಿದ್ದು ಘಟ್ಟದ ಮೇಲೆ, ಮೈಸೂರಿನ ಮಲೆನಾಡಿನಲ್ಲಿ. ಆದರೆ ಕೊಳೆರೋಗಕ್ಕೆ ಗಡಿ ಎಲ್ಲಿಯದು? ಘಟ್ಟದ ಮೇಲೂ ಕೆಳಗೂ ಅದೇ ಮಳೆ, ಅದೇ ನಷ್ಟ.

ಆಗ ಬೆಳೆಗಾರರಿಗೆ ಗೊತ್ತಿದ್ದ ಉಪಾಯ ಕೊನೆಗೆ ಕೊಟ್ಟೆ ಕಟ್ಟುವುದು. ಮಳೆನೀರು ಕಾಯಿಗೆ ತಾಗದಂತೆ ಒಂದೊಂದು ಕೊನೆಗೂ ಹೊದಿಕೆ ಹಾಕಬೇಕಿತ್ತು. ದೊಡ್ಡ ತೋಟವಾದರೆ ಆಳು, ದುಡ್ಡು, ಸಮಯ ಎಲ್ಲವೂ ಹೋಗೋದು. ಕೋಲ್ಮನ್ ಮೊದಲು ಹುಡುಕಿದ್ದು ರೋಗದ ಮೂಲವನ್ನು. ಫೈಟಾಫ್ತೋರಾ ಜಾತಿಯ, ಶಿಲೀಂಧ್ರದಂಥ ಸೂಕ್ಷ್ಮಜೀವಿ ಇದಕ್ಕೆ ಕಾರಣ ಎಂದು 1910ರಲ್ಲಿ ಪ್ರಕಟಿಸಿದರು. ಅದರ ಬೀಜಾಣು ನೀರಿನಲ್ಲಿ ಈಜಿ ಹರಡುತ್ತದೆ. ಅದಕ್ಕೇ ಬಿಡದೆ ಸುರಿಯುವ ಮಳೆಯಲ್ಲಿ ರೋಗ ಜಾಸ್ತಿ. ಈಗ ಜಗತ್ತಿನ ವಿಜ್ಞಾನಿಗಳೂ ಇದನ್ನು ಕನ್ನಡದ ಹೆಸರಿನಿಂದಲೇ ಕೊಳೆರೋಗ ಅನ್ನುತ್ತಾರೆ.

ಮದ್ದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ. ಫ್ರಾನ್ಸಿನ ಬೋರ್ಡೋದಲ್ಲಿ 1885ರ ಹೊತ್ತಿಗೇ ದ್ರಾಕ್ಷಿ ಬಳ್ಳಿಗೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಹೊಡೆಯುತ್ತಿದ್ದರು. ಆದರೆ ದ್ರಾಕ್ಷಿ ಬಳ್ಳಿ ಆಳೆತ್ತರ, ಅಡಿಕೆ ಮರ ಮುಗಿಲೆತ್ತರ. ಅಲ್ಲಿಯ ಮಳೆ ಬೇರೆ, ಮಲೆನಾಡಿನ ಮಳೆಯೇ ಬೇರೆ. ಮದ್ದು ತೊಳೆದುಹೋಗದ ಹಾಗೆ ಅಂಟು ಬೇಕು, ಮರ ಹತ್ತಿ ಹೊಡೆಯಲು ಪಂಪು ಬೇಕು, ಕಲಿತ ಕೈ ಬೇಕು. ಕೊಳೆ ಬಂದ ಮೇಲೆ ಹೊಡೆದರೆ ಪ್ರಯೋಜನ ಕಡಿಮೆ, ಮಳೆಗೆ ಮೊದಲೇ ಹೊಡೆಯಬೇಕು ಅನ್ನೋದನ್ನು ಬೆಳೆಗಾರರಿಗೆ ಮನದಟ್ಟು ಮಾಡಬೇಕು. ಕಾಯಿಲೆ ಕಾಣುವ ಮೊದಲೇ ದುಡ್ಡು ಹಾಕಿ ಅಂದರೆ ಯಾರು ತಾನೇ ಒಪ್ಪಿಯಾರು?

ಇಲ್ಲೇ ಕೋಲ್ಮನ್ ಬರೀ ವಿಜ್ಞಾನಿಯಾಗಿ ಉಳಿಯಲಿಲ್ಲ. ಅವರ ಇಲಾಖೆ ಮದ್ದನ್ನು ಸೀದಾ ತೋಟಕ್ಕೆ ಒಯ್ದಿತು. ಮದ್ದು ಹೊಡೆದ ಮರ, ಹೊಡೆಯದ ಮರ ಎರಡೂ ಕಣ್ಣೆದುರು ಇದ್ದರೆ ಭಾಷಣ ಬೇಕಾಗಲಿಲ್ಲ. ಖರ್ಚು ಕಡಿಮೆ, ಉಳಿಯುವ ಫಸಲು ಹೆಚ್ಚು ಎನ್ನುವ ಲೆಕ್ಕ ಕೈಗೆ ಸಿಕ್ಕಿತು. ಈ ಮದ್ದು ಯಾರೊಬ್ಬರ ಸ್ವತ್ತೂ ಅಲ್ಲ. ಸಾಮಾನು ತಂದು ಯಾವ ಅಂಗಡಿಯವರೂ ಮಾರಬಹುದು, ಯಾವ ಬೆಳೆಗಾರನೂ ಮನೆಯಲ್ಲೇ ಕಲಸಬಹುದು. ನೂರು ವರ್ಷವಾದರೂ ಈ ಮದ್ದು ಬಳಕೆಯಲ್ಲಿ ಉಳಿದಿರುವ ಗುಟ್ಟು ಅದೇ.

1913ರಲ್ಲಿ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ಬಂತು. ಮಂಡ್ಯದ ಸಕ್ಕರೆ ಕಾರ್ಖಾನೆ ಕಟ್ಟುವುದರಲ್ಲೂ ಅವರದು ದೊಡ್ಡ ಪಾಲು. ನಾಲೆಯ ನೀರು ಬಂದು ರೈತ ಕಬ್ಬು ನೆಟ್ಟರೆ ಸಾಲದು, ಅರೆಯುವವರೂ ಕೊಳ್ಳುವವರೂ ಇರಬೇಕಲ್ಲ! 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮರು ವರ್ಷ ಕೋಲ್ಮನ್ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. 1954ರಲ್ಲಿ ತೀರಿಕೊಂಡರು.

ಇವತ್ತು ಜೈವಿಕ ತಂತ್ರಜ್ಞಾನದ ಕಂಪನಿಗಳು ಹಿಡಿಯುವ ದಾರಿಯೂ ಹೆಚ್ಚುಕಡಿಮೆ ಇದೇ: ಕಾರಣ ಹುಡುಕು, ಮದ್ದು ಪರೀಕ್ಷಿಸು, ಊರಿನ ಹವೆಗೆ ಹೊಂದಿಸು, ಬೆಲೆ ಕೈಗೆಟಕುವಂತೆ ಮಾಡು, ಕಲಿಸು, ಆಮೇಲೆ ಮಾರು. ಈಗ ಅದರ ಮಧ್ಯೆ ಸರ್ಕಾರದ ನೋಂದಣಿಯೂ ಸೇರಿದೆ. ಟ್ರೈಕೋಡರ್ಮಾದಂಥ ಜೈವಿಕ ಶಿಲೀಂಧ್ರನಾಶಕವನ್ನೂ 1968ರ ಕೀಟನಾಶಕ ಕಾಯ್ದೆಯಡಿ ನೋಂದಾಯಿಸದೆ ಮಾರುವಂತಿಲ್ಲ. ಆದ್ದರಿಂದ ಅಂಗಡಿಯವರು ಹೊಸ ಡಬ್ಬಿ ಇಡುವಾಗ, ಬೆಳೆಗಾರರು ಕೊಳ್ಳುವಾಗ ನೋಂದಣಿ ಸಂಖ್ಯೆ ಮತ್ತು ಅವಧಿಯ ದಿನಾಂಕ ನೋಡಿಕೊಳ್ಳಬೇಕು. ಇದು ಯಾವ ಬೆಳೆಗೆ, ಯಾವ ರೋಗಕ್ಕೆ ಅಂತ ಕೇಳಲೇಬೇಕು.

ಬೋರ್ಡೋ ದ್ರಾವಣದ ಲೆಕ್ಕ ಮಾತ್ರ ಈಗಲೂ ಸರಳ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಸಾಕು. ಕಲಸಿದ ಮೇಲೆ ತಿಕ್ಕಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಮೊದಲ ಸಲ ಮಳೆ ಹಿಡಿಯುವ ಮುಂಚೆ, ಮತ್ತೊಮ್ಮೆ 40–45 ದಿನ ಬಿಟ್ಟು.