ಸಿ. ವಿ. ರಾಮನ್

ಸರ್ ಚಂದ್ರಶೇಖರ ವೆಂಕಟ ರಾಮನ್ (7 ನವೆಂಬರ್ 1888 – 21 ನವೆಂಬರ್ 1970) ಭಾರತದ ಭೌತವಿಜ್ಞಾನಿ. ಬೆಳಕಿನ ಚದುರುವಿಕೆಯ ಸಂಶೋಧನೆಗಾಗಿ 1930ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು. 1934ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿ, ನಿಧನದವರೆಗೂ ಅದರ ಅಧ್ಯಕ್ಷರಾಗಿದ್ದರು. ಭಾರತದ ವಿದ್ವತ್ ಸಂಸ್ಥೆಯೊಂದನ್ನು ಜಗತ್ತಿನ ವಿಜ್ಞಾನಿಗಳು ಗಮನಿಸುವಂತೆ ಮಾಡುವುದು ಅವರ ಬಾಳಿನ ಎರಡನೆಯ ದೊಡ್ಡ ಕಾರ್ಯವಾಗಿತ್ತು.

ಆರಂಭದ ಜೀವನ

ರಾಮನ್ ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1907ರಲ್ಲಿ ಎಂ.ಎ. ಪದವಿ ಪಡೆದರು. ಅದೇ ವರ್ಷ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ತೆರಳಿದರು. ಕಚೇರಿಯ ವೇಳೆಯ ಮೊದಲೂ ನಂತರವೂ ಅವರು ದುಡಿಯುತ್ತಿದ್ದುದು ಬೌಬಜಾರ್ ಬೀದಿಯ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಶನ್ ಆಫ್ ಸೈನ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ. 1876ರಲ್ಲಿ ಮಹೇಂದ್ರಲಾಲ್ ಸರ್ಕಾರ್ ಸ್ಥಾಪಿಸಿದ ಈ ಸಂಸ್ಥೆ ರಾಮನ್ ಬರುವವರೆಗೆ ಬಹುಮಟ್ಟಿಗೆ ಉಪನ್ಯಾಸಗಳ ಕೇಂದ್ರವಾಗಿತ್ತು. 1917ರಲ್ಲಿ ಅವರು ಸರ್ಕಾರಿ ಹುದ್ದೆಯನ್ನು ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕರಾದರು. 1919ರಲ್ಲಿ ಅಸೋಸಿಯೇಷನ್ನಿನ ಗೌರವ ಕಾರ್ಯದರ್ಶಿಯಾದರು.

ಸ್ವದೇಶದ ಪತ್ರಿಕೆ, ವಿದೇಶದ ಓದುಗರು

ಭಾರತೀಯರ ಉತ್ತಮ ಸಂಶೋಧನೆ ಭಾರತದಲ್ಲಿಯೇ ಅಚ್ಚಾಗಬೇಕು, ಆದರೆ ಅದನ್ನು ಎಲ್ಲ ದೇಶದವರೂ ಓದುವಂತಾಗಬೇಕು ಎಂಬುದು ರಾಮನ್ ಅವರ ನಿಲುವು. 1926ರಲ್ಲಿ ಅವರು ಆರಂಭಿಸಿದ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್ ಎರಡೇ ವರ್ಷಗಳಲ್ಲಿ ಈ ನಿಲುವಿನ ಪರೀಕ್ಷೆಗೆ ಒಳಗಾಯಿತು. 1928ರ ಫೆಬ್ರವರಿ 28ರಂದು ಕೆ. ಎಸ್. ಕೃಷ್ಣನ್ ಅವರೊಡನೆ ನಡೆಸಿದ ಸಂಶೋಧನೆಯು ಫಲ ನೀಡಿತು. ಮಾರ್ಚ್ 16ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘವನ್ನು ಉದ್ಘಾಟಿಸುತ್ತ ರಾಮನ್ ಈ ಹೊಸ ವಿಕಿರಣವನ್ನು ವಿವರಿಸಿದರು. ಆ ಉಪನ್ಯಾಸವನ್ನು ಕೂಡಲೇ ತಮ್ಮ ಪತ್ರಿಕೆಯಲ್ಲಿ ಅಚ್ಚು ಮಾಡಿಸಿ, ಪ್ರತಿಗಳನ್ನು ಹೊರದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದರು. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಇದೇ ಪರಿಣಾಮವನ್ನು ಸ್ಫಟಿಕಗಳಲ್ಲಿ ಕಂಡಿದ್ದರೂ ಅವರ ಪ್ರಕಟಣೆ ತಡವಾಯಿತು. ಅಚ್ಚುಕೂಟ ಮತ್ತು ಅಂಚೆಯ ವೇಗವೂ ಇಲ್ಲಿ ಪ್ರಯೋಗದಷ್ಟೇ ಕೆಲಸ ಮಾಡಿತೆನ್ನಬಹುದು.

ಅಕಾಡೆಮಿಯ ಸ್ಥಾಪನೆ

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆ ಹುದ್ದೆಗೇರಿದ ಮೊದಲ ಭಾರತೀಯರು ಅವರೇ. ಮರುವರ್ಷ ಕಲ್ಕತ್ತೆಯ ಅಸೋಸಿಯೇಷನ್ನಿನಲ್ಲಿ ಭಿನ್ನಮತ ತಲೆದೋರಿ ಅವರ ಸಂಬಂಧ ಕಡಿದುಹೋಯಿತು. ಅದೇ ಕಾಲದಲ್ಲಿ ಮೇಘನಾದ ಸಾಹಾ ಮೊದಲಾದವರು ಅಖಿಲ ಭಾರತ ಮಟ್ಟದ ಅಕಾಡೆಮಿಯೊಂದಕ್ಕೆ ಸಿದ್ಧತೆ ನಡೆಸಿದ್ದರು. ಸಮಿತಿಯ ಚರ್ಚೆಗಳಿಗೆ ಕಾಯದೆ ರಾಮನ್ 1934ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತಮ್ಮ ಅಕಾಡೆಮಿಯನ್ನು ನೋಂದಾಯಿಸಿದರು. ಜುಲೈ 31ರಂದು ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅದನ್ನು ಉದ್ಘಾಟಿಸಿದರು. ಸ್ಥಾಪಕ ಸದಸ್ಯರು 65 ಮಂದಿ. 1935ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಸ್ ಆರಂಭವಾಯಿತು. ಹೀಗೆ ದೇಶಕ್ಕೆ ಒಂದರ ಬದಲು ಎರಡು ಸಂಸ್ಥೆಗಳಾದವು. ರಾಮನ್ ಅವರ ಆತುರವೇ ಈ ಒಡಕಿಗೆ ಒಂದು ಕಾರಣವೆಂಬ ಟೀಕೆ ಅಂದೂ ಇತ್ತು, ಮುಂದೆಯೂ ಉಳಿಯಿತು.

ಅಕಾಡೆಮಿಯ ಜೀವಾಳ ಪ್ರೊಸೀಡಿಂಗ್ಸ್ ಎಂಬ ಅದರ ಪತ್ರಿಕೆ. ಮೊದಲ ಸಂಚಿಕೆ ಉದ್ಘಾಟನೆಯ ತಿಂಗಳಿನಲ್ಲಿಯೇ ಹೊರಬಂದಿತು. ಶ್ರವಣಾತೀತ ತರಂಗಗಳಿಂದ ಬೆಳಕು ವಿವರ್ತನೆ ಹೊಂದುವ ಬಗೆಯನ್ನು ಕುರಿತು ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ 1935–36ರಲ್ಲಿ ಇದರಲ್ಲಿ ಬರೆದ ಲೇಖನಗಳು ರಾಮನ್–ನಾಥ್ ಸಿದ್ಧಾಂತವೆಂದು ವಿಶ್ವದೆಲ್ಲೆಡೆ ಹೆಸರಾದವು. ಹೊರದೇಶದ ವಿಜ್ಞಾನಿಗಳನ್ನು ಗೌರವ ಸದಸ್ಯರನ್ನಾಗಿ ಆರಿಸುವ ಪದ್ಧತಿಯನ್ನೂ ಅಕಾಡೆಮಿ ಇರಿಸಿಕೊಂಡಿತು.

ಮ್ಯಾಕ್ಸ್ ಬಾರ್ನ್ ಪ್ರಸಂಗ

ನಾಜಿ ಆಡಳಿತದಿಂದ ಗಟ್ಟಿಂಗೆನ್‌ನ ಹುದ್ದೆ ಕಳೆದುಕೊಂಡಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು ರಾಮನ್ 1935ರಲ್ಲಿ ಬೆಂಗಳೂರಿಗೆ ಆಹ್ವಾನಿಸಿದರು. ಬಾರ್ನ್ ಸುಮಾರು ಆರು ತಿಂಗಳು ಇಲ್ಲಿದ್ದು, ನಾಗೇಂದ್ರನಾಥ್ ಅವರೊಡನೆ ಪ್ರೊಸೀಡಿಂಗ್ಸ್‌ಗೆ ಬರೆದರು. ಅವರಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ನೀಡಬೇಕೆಂಬ ರಾಮನ್ ಅವರ ಪ್ರಯತ್ನಕ್ಕೆ ಸಂಸ್ಥೆಯೊಳಗೆ ವಿರೋಧ ಬಂದು ಅದು ಕೈಗೂಡಲಿಲ್ಲ. 1936ರಲ್ಲಿ ಬಾರ್ನ್ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಆಡಳಿತ ಮಂಡಳಿಯೊಡನೆ ಘರ್ಷಣೆ ಬೆಳೆದು ರಾಮನ್ 1937ರಲ್ಲಿ ನಿರ್ದೇಶಕ ಸ್ಥಾನವನ್ನು ತ್ಯಜಿಸಬೇಕಾಯಿತು. ಪ್ರಾಧ್ಯಾಪಕರಾಗಿ 1948ರವರೆಗೆ ಮುಂದುವರಿದರು. ಮುಂದೆ ಸ್ಫಟಿಕಗಳ ಪರಮಾಣು ಕಂಪನದ ವಿಷಯದಲ್ಲಿ ಇದೇ ಬಾರ್ನ್ ಅವರೊಡನೆ ರಾಮನ್ ದೀರ್ಘ ವಿವಾದಕ್ಕಿಳಿದರು. ವಿಜ್ಞಾನಲೋಕ ಬಾರ್ನ್ ಅವರ ಪಕ್ಷವನ್ನೇ ಒಪ್ಪಿತು.

ಕೊನೆಯ ವರ್ಷಗಳು

ನಿವೃತ್ತಿಯ ನಂತರ ರಾಮನ್ ಬೆಂಗಳೂರಿನಲ್ಲಿ ತಾವೇ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1954ರಲ್ಲಿ ಭಾರತರತ್ನ ದೊರೆಯಿತು. 1924ರಲ್ಲಿ ದೊರೆತಿದ್ದ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವನ್ನು 1968ರಲ್ಲಿ ಬಿಟ್ಟುಕೊಟ್ಟರು, ಕಾರಣವನ್ನು ಬಹಿರಂಗಪಡಿಸಲಿಲ್ಲ. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಕ್ರಿಯೆ ಅವರ ಸಂಸ್ಥೆಯ ತೋಟದಲ್ಲಿಯೇ ನಡೆಯಿತು.

ಪ್ರೊಸೀಡಿಂಗ್ಸ್‌ನ ಓದುಗರ ವಲಯಕ್ಕೂ ಮಿತಿಯಿತ್ತು. ರಾಮನ್ ಅವರ ಸೋದರಳಿಯ ಎಸ್. ಪಂಚರತ್ನಂ 1956ರಲ್ಲಿ ಧ್ರುವೀಕೃತ ಬೆಳಕಿನ ಪ್ರಾವಸ್ಥೆಯ ಕುರಿತು ಅದರಲ್ಲಿ ಪ್ರಕಟಿಸಿದ ಲೇಖನ ಬಹುಕಾಲ ಹೊರಗಿನವರ ಗಮನಕ್ಕೆ ಬರಲಿಲ್ಲ. ಬ್ರಿಟನ್ನಿನ ಮೈಕೆಲ್ ಬೆರಿ 1984ರಲ್ಲಿ ಜ್ಯಾಮಿತೀಯ ಪ್ರಾವಸ್ಥೆಯನ್ನು ಮಂಡಿಸಿದ ಬಳಿಕ, ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ಆರ್. ನಿತ್ಯಾನಂದ ಈ ಹಳೆಯ ಲೇಖನದತ್ತ ಗಮನ ಸೆಳೆದರು. ಪಂಚರತ್ನಂ 1969ರಲ್ಲಿಯೇ ತೀರಿಕೊಂಡಿದ್ದರು. ಅವರ ಕೆಲಸ ಇಂದು ಪಂಚರತ್ನಂ ಪ್ರಾವಸ್ಥೆ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.