ಬೂರ್ಗುಲ ರಾಮಕೃಷ್ಣರಾವ್: ನಮ್ಮ ಓಟಿನ ಮೊದಲ ಮುಖ್ಯಮಂತ್ರಿ

ಮೊದಲ ಮಹಾಚುನಾವಣೆಯ ಮಾತು ಬಂದರೆ ನಮ್ಮವರ ಬಾಯಿಗೆ ಬೆಂಗಳೂರಿನ ಹೆಸರುಗಳೇ ಬರುತ್ತವೆ. ಆದರೆ 1952ರಲ್ಲಿ ನಾರಾಯಣಪುರ, ಕಲ್ಯಾಣಿ, ಹುಮನಾಬಾದಿನ ಹಿರಿಯರು ಓಟು ಹಾಕಿದ್ದು ಹೈದರಾಬಾದ್ ವಿಧಾನಸಭೆಗೆ. ಆ ಓಟಿನಿಂದ ಮುಖ್ಯಮಂತ್ರಿಯಾದವರು ಬೂರ್ಗುಲ ರಾಮಕೃಷ್ಣರಾವ್. ನಾನು ಕೆಲಸ ಮಾಡುವ ಹೈದರಾಬಾದಿನಲ್ಲಿ ಅವರ ಹೆಸರಿನ ದೊಡ್ಡ ಸರ್ಕಾರಿ ಕಟ್ಟಡವಿದೆ. ಕಟ್ಟಡ ಎಲ್ಲರಿಗೂ ಗೊತ್ತು, ಮನುಷ್ಯ ಯಾರಿಗೂ ಗೊತ್ತಿಲ್ಲ.

ಅವರು ಹುಟ್ಟಿದ್ದು 1899ರಲ್ಲಿ, ಮಹಬೂಬ್‌ನಗರ ಜಿಲ್ಲೆಯಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಮುಂಬಯಿ ವಿಶ್ವವಿದ್ಯಾಲಯದ ಕಾನೂನು ಪದವಿ ಪಡೆದು ಹೈದರಾಬಾದಿನಲ್ಲಿ ವಕೀಲಿ ಹಿಡಿದರು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರ ಕೈಕೆಳಗೆ ಜೂನಿಯರ್ ಆಗಿದ್ದರು. ತೆಲುಗು, ಸಂಸ್ಕೃತ, ಉರ್ದು, ಫಾರ್ಸಿ ನಾಲ್ಕರಲ್ಲೂ ಪಂಡಿತರು. ಕ್ವಿಟ್ ಇಂಡಿಯಾ ಕಾಲದಲ್ಲಿ ಜೈಲು ಕಂಡರು.

ಆ ಚುನಾವಣೆ ನಡೆದ ಹೊತ್ತು ನೆನೆಯಬೇಕು. ರಜಾಕಾರರ ಹಾವಳಿಗೆ ಸಿಕ್ಕ ಗೋರ್ಟಾ ನಮ್ಮ ತಾಲೂಕಿನದೇ ಊರು. ಪೊಲೀಸ್ ಆಕ್ಷನ್ ಆಗಿ ನಾಲ್ಕು ವರ್ಷವೂ ತುಂಬಿರಲಿಲ್ಲ. ಮೊದಲು ಮಿಲಿಟರಿ ಗವರ್ನರ್, ಆಮೇಲೆ ದೆಹಲಿ ನೇಮಿಸಿದ ವೆಲ್ಲೋಡಿ ಎಂಬ ಅಧಿಕಾರಿ. ಜನ ತಾವೇ ಆರಿಸಿದ ಸರ್ಕಾರ ಕಂಡಿರಲೇ ಇಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು. ಓದು ಬಾರದವರೂ ತಮ್ಮ ಗುರುತಿನ ಪೆಟ್ಟಿಗೆಗೆ ಚೀಟಿ ಹಾಕಿದರು. 175 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ 93 ಬಂದವು. ಹಿಂದಿನ ವರ್ಷದವರೆಗೆ ಬಂದೂಕು ಹಿಡಿದಿದ್ದ ಕಮ್ಯುನಿಸ್ಟರು ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ ಹೆಸರಿನಲ್ಲಿ ನಿಂತು 42 ಗೆದ್ದರು. ಕಾಂಗ್ರೆಸ್ಸಿನೊಳಗೂ ಎರಡು ಬಣ. ಸ್ವಾಮಿ ರಮಾನಂದ ತೀರ್ಥರು ಗುಲಬರ್ಗಾದಿಂದ ಲೋಕಸಭೆಗೆ ಹೋದರು. ಶಾದ್‌ನಗರದಿಂದ ಗೆದ್ದ ಬೂರ್ಗುಲ ಮಾರ್ಚ್ 6ರಂದು ಮುಖ್ಯಮಂತ್ರಿಯಾದರು.

ಆರು ತಿಂಗಳಲ್ಲೇ ಮುಲ್ಕಿ ಚಳವಳಿ ಎದ್ದಿತು. ಹೊರಗಿನವರು ನೌಕರಿ ಕಬಳಿಸುತ್ತಿದ್ದಾರೆ ಎಂದು ವಿದ್ಯಾರ್ಥಿಗಳು ಬೀದಿಗಿಳಿದರು, ಪೊಲೀಸರ ಗುಂಡಿಗೆ ಜೀವಗಳು ಹೋದವು. ಅವರ ಆಡಳಿತಕ್ಕೆ ಹತ್ತಿದ ಈ ಕಲೆಯನ್ನು ಮುಚ್ಚಿಡಲಾಗದು. ಇನ್ನೊಂದು ಕಡೆ, 1950ರ ಗೇಣಿ ಕಾಯಿದೆಯನ್ನು ಅವರ ಸರ್ಕಾರ 1954ರಲ್ಲಿ ತಿದ್ದಿ, ರಕ್ಷಿತ ಗೇಣಿದಾರ ಉಳುವ ಹೊಲದ ಒಡೆಯನಾಗಲು ದಾರಿ ಮಾಡಿತು. ಉರ್ದುವಿನಲ್ಲಿರುವ ಹಳೆಯ ಹೊಲದ ಕಾಗದಗಳನ್ನು ಇಂದಿಗೂ ಪೆಟ್ಟಿಗೆಯಲ್ಲಿಟ್ಟುಕೊಂಡ ಮನೆಗಳು ನಮ್ಮ ಕಡೆ ಇವೆ. ಅವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ನಮ್ಮ ಮಟ್ಟಿಗೆ ದೊಡ್ಡ ಪ್ರಶ್ನೆ ಬಂದದ್ದು 1955ರಲ್ಲಿ. ರಾಜ್ಯ ಪುನರ್ವಿಂಗಡಣಾ ಆಯೋಗ ಗುಲಬರ್ಗಾ, ರಾಯಚೂರುಗಳನ್ನು ಕರ್ನಾಟಕಕ್ಕೆ ಕೊಡಲು ಹೇಳಿತು, ಬೀದರನ್ನು ಮಾತ್ರ ತೆಲಂಗಾಣದ ಜೊತೆ ಹೈದರಾಬಾದಿನಲ್ಲೇ ಉಳಿಸಲು ಹೇಳಿತು. ಆ ಶಿಫಾರಸು ಹಾಗೇ ನಿಂತಿದ್ದರೆ ಈ ಸಂಚಿಕೆ ಯಾವ ಭಾಷೆಯಲ್ಲಿ ಬರುತ್ತಿತ್ತೋ! ತೆಲಂಗಾಣದಲ್ಲಿ ಹೆಚ್ಚಿನವರ ಒಲವು ಪ್ರತ್ಯೇಕ ರಾಜ್ಯದ ಕಡೆಗಿದೆ ಎಂದು ಬೂರ್ಗುಲ ಮೊದಲು ಹೈಕಮಾಂಡಿಗೆ ತಿಳಿಸಿದ್ದರು. ಆಮೇಲೆ ವಿಶಾಲಾಂಧ್ರಕ್ಕೆ ಒಪ್ಪಿದರು. ವಿಧಾನಸಭೆಯ ಚರ್ಚೆಯಲ್ಲಿ 103 ಸದಸ್ಯರು ವಿಲೀನದ ಪರ, 29 ಮಂದಿ ವಿರುದ್ಧ ನಿಂತರು. ಪರವಾಗಿದ್ದವರಲ್ಲಿ ಕನ್ನಡ, ಮರಾಠಿ ಭಾಗದವರೂ ಇದ್ದರು. ರಾಜ್ಯ ಒಡೆದರೆ ತಮ್ಮ ಕುರ್ಚಿ ಹೋಗುತ್ತದೆಂದು ಬೂರ್ಗುಲ ಅವರಿಗೆ ತಿಳಿಯದಿರಲಿಲ್ಲ. ಆದರೂ 1956ರ ಫೆಬ್ರವರಿಯ ದೊಡ್ಡಮನುಷ್ಯರ ಒಪ್ಪಂದಕ್ಕೆ ಸಹಿ ಹಾಕಿದರು. ಅದು ತ್ಯಾಗವೋ ದೆಹಲಿಯ ಒತ್ತಡವೋ ಎಂದು ಕೇಳಿದರೆ, ಎರಡೂ ಇತ್ತು ಎಂದೇ ನನ್ನ ಅನಿಸಿಕೆ.

1956ರ ನವೆಂಬರ್ 1ಕ್ಕೆ ಬೀದರ್ ಜಿಲ್ಲೆಯೂ ಹರಿದು ಹಂಚಿತು. ಉದಗೀರ, ನಿಲಂಗಾ, ಅಹ್ಮದ್‌ಪುರ ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ ಹೋದವು. ನಾವು ಮೈಸೂರಿಗೆ ಬಂದೆವು. ಹೊಸ ಆಂಧ್ರಪ್ರದೇಶದ ಮುಖ್ಯಮಂತ್ರಿ ನೀಲಂ ಸಂಜೀವರೆಡ್ಡಿ ಆದರು.

ಬೂರ್ಗುಲ ಕೇರಳದ ರಾಜ್ಯಪಾಲರಾಗಿ ಹೋದರು. ಅಲ್ಲಿಯೂ ಕಮ್ಯುನಿಸ್ಟರೇ ಎದುರಾದರು, ಈ ಸಲ ಗೆದ್ದ ಪಕ್ಷವಾಗಿ. 1959ರಲ್ಲಿ ಅವರ ವರದಿಯ ಮೇಲೆ ನಂಬೂದಿರಿಪಾಡ್ ಸರ್ಕಾರ ವಜಾ ಆಯಿತು. ಓಟಿನಿಂದ ಬಂದ ಮನುಷ್ಯ ಓಟಿನಿಂದ ಬಂದ ಸರ್ಕಾರವನ್ನು ಇಳಿಸಲು ಬರೆದುಕೊಟ್ಟದ್ದು ನನಗೆ ಸರಿ ಕಾಣುವುದಿಲ್ಲ. ಅಲ್ಲಿಂದ ಉತ್ತರಪ್ರದೇಶಕ್ಕೂ ರಾಜ್ಯಪಾಲರಾಗಿ ಹೋಗಿ, 1962ರಲ್ಲಿ ಆ ಹುದ್ದೆ ಬಿಟ್ಟರು. 1967ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.